ರಂಗನತಿಟ್ಟಿನ ದೋಣಿ: ಟಿಕೆಟ್ ತಗೊಳ್ಳೋ ಮುಂಚೆ ಕೆಆರ್‌ಎಸ್ ಹೊರಹರಿವು ನೋಡಿ

ಮೊದಲೇ ಹೇಳಿಬಿಡೋದು ಒಳ್ಳೇದು: ರಂಗನತಿಟ್ಟು ಪಕ್ಷಿಧಾಮದ ದೋಣಿ ನಿಮ್ಮನ್ನ ಯಾವ ತಿಟ್ಟಿನ ಮೇಲೂ, ಅಂದ್ರೆ ಹೊಳೆ ನಡುವಿನ ಯಾವ ನಡುಗಡ್ಡೆ ಮೇಲೂ, ಇಳಿಸಲ್ಲ. ದಡದಲ್ಲಿ ಹತ್ತಿಸಿಕೊಂಡು, ತಿಟ್ಟುಗಳ ಪಕ್ಕದಲ್ಲೇ ಒಂದು ಸುತ್ತು ಹಾಕಿಸಿ, ಹತ್ತಿದ ಜಾಗಕ್ಕೇ ತಂದು ಬಿಡುತ್ತೆ. "ಐಲ್ಯಾಂಡ್‌ಗೆ ಬೋಟ್ ಟ್ರಿಪ್" ಅಂತ ಯಾರೋ ಹೇಳಿದ್ದು ಕೇಳಿಕೊಂಡು ಚಾಪೆ, ಪುಳಿಯೋಗರೆ ಡಬ್ಬಿ ಸಮೇತ ಬರೋರು ಕೌಂಟರ್ ಹತ್ರ ಸಪ್ಪೆ ಮುಖ ಮಾಡ್ಕೊಳ್ಳೋದು ಇದಕ್ಕೇ. ಇಳಿಸದೇ ಇರೋದಕ್ಕೆ ಕಾರಣ ಎರಡು. ಮರದ ಮೇಲೆಲ್ಲ ಗೂಡು. ಕೆಳಗೆ ಮನುಷ್ಯ ಓಡಾಡಿದ್ರೆ ತಾಯಿಹಕ್ಕಿ ಎದ್ದು ಹೋಗುತ್ತೆ, ಅಷ್ಟರಲ್ಲಿ ಮೊಟ್ಟೆಗೆ ಬಿಸಿಲು ಹೊಡೆಯುತ್ತೆ, ಇಲ್ಲಾಂದ್ರೆ ಕಾಗೆ ಬಂದು ಕೂರುತ್ತೆ. ಎರಡನೇ ಕಾರಣ ತಿಟ್ಟಿನ ಅಂಚಿನ ಬಂಡೆ ಮೇಲೆ ಬಾಯಿ ತೆಗೆದುಕೊಂಡು ಮಲಗಿರುತ್ತೆ.

ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645–48ರ ನಡುವೆ, ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿದ ಮೇಲೆ ಆದದ್ದು ಈ ತಿಟ್ಟುಗಳು. ಪಕ್ಷಿತಜ್ಞ ಸಲೀಂ ಅಲಿ ಮಾತಿಗೆ ಅರಮನೆ ಓಗೊಟ್ಟು 1940ರಲ್ಲಿ ಪಕ್ಷಿಧಾಮ ಆಯ್ತು. 2022ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿತು, ಕರ್ನಾಟಕದಲ್ಲಿ ಇದೇ ಮೊದಲನೇದು. ಇದೆಲ್ಲ ಯಾರು ಕೇಳಿದ್ರೂ ಹೇಳ್ತಾರೆ. ಯಾರೂ ಹೇಳದೇ ಇರೋದು ಏನಂದ್ರೆ, ಒಂದೇ ಟಿಕೆಟ್ಟಿಗೆ ಸಿಗೋ ಮಾಲು ಒಂದೇ ಅಲ್ಲ. ಯಾವ ತಿಂಗಳು, ಯಾವ ಹೊತ್ತು, ಹೊಳೇಲಿ ಎಷ್ಟು ನೀರು, ಈ ಮೂರು ಕೂಡಿ ಬಂದ್ರೆ ಮಾತ್ರ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಫೆಬ್ರವರಿಯ ಮಂಗಳವಾರ ಬೆಳಿಗ್ಗೆ ಒಂಬತ್ತೂಕಾಲಿನ ಸವಾರಿಗೆ ಐದಕ್ಕೆ ಐದು ಕೊಡಬಹುದು. ಕ್ರಿಸ್‌ಮಸ್ ರಜೆಯ ಭಾನುವಾರ ಮಧ್ಯಾಹ್ನದ್ದಕ್ಕೆ ಎರಡು, ಅದೂ ಮೊಸಳೆ ಕಂಡರೆ.

ನೀರಿನ ವಿಷಯವೇ ಮುಖ್ಯ, ಅದನ್ನೇ ಮೊದಲು ನೋಡೋಣ. ರಂಗನತಿಟ್ಟು ಇರೋದು ಕನ್ನಂಬಾಡಿ ಕಟ್ಟೆಯ, ಅಂದ್ರೆ ಕೆಆರ್‌ಎಸ್ ಅಣೆಕಟ್ಟಿನ ಕೆಳಗಡೆ. ಕಟ್ಟೆಯಿಂದ ಬಿಟ್ಟ ನೀರು ಇಲ್ಲಿಗೆ ಬರೋಕೆ ಜಾಸ್ತಿ ಹೊತ್ತು ಬೇಕಿಲ್ಲ. ಮಳೆಗಾಲದಲ್ಲಿ ಕೊಡಗಿನಲ್ಲಿ ಜೋರು ಮಳೆ ಹಿಡಿದು ಕೆಆರ್‌ಎಸ್ ಮಟ್ಟ ಪೂರ್ತಿ ತುಂಬೋ 124.80 ಅಡಿಯ ಹತ್ರ ಬಂತು ಅಂದ್ರೆ ಗೇಟು ಎತ್ತಲೇಬೇಕು, ಗೇಟು ಎತ್ತಿದ್ರೆ ಇಲ್ಲಿ ದೋಣಿ ನಿಲ್ಲಲೇಬೇಕು. ಮಂಡ್ಯ, ಮೈಸೂರಿನ ಪೇಪರ್‌ಗಳಲ್ಲಿ ಮಳೆಗಾಲ ಪೂರ್ತಿ ದಿನಾ ಬರೋ ಒಳಹರಿವು–ಹೊರಹರಿವಿನ ಚೌಕ ರೈತರಿಗೆ ಮಾತ್ರ ಅಲ್ಲ, ದೋಣಿ ಹತ್ತೋರಿಗೂ ಬೇಕಾದದ್ದು. ನೋಡಬೇಕಾದದ್ದು ಮಟ್ಟ ಅಲ್ಲ, ಹೊರಹರಿವು. ಅದರಲ್ಲೂ ನಾಲೆಗೆ ಬಿಟ್ಟಿದ್ದೆಷ್ಟು, ನದಿಗೆ ಬಿಟ್ಟಿದ್ದೆಷ್ಟು ಅಂತ ಬೇರೆ ಮಾಡಿ ನೋಡಿ. ನಾಲೆ ನೀರಿಗೂ ನಿಮ್ಮ ದೋಣಿಗೂ ಸಂಬಂಧ ಇಲ್ಲ. ನದಿಗೆ ಇಪ್ಪತ್ತು ಸಾವಿರ ಕ್ಯೂಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ ನೀರು) ದಾಟಿದ ಮೇಲೆ ದೋಣಿಯ ಆಸೆ ಬಿಟ್ಟುಬಿಡಿ. 2018, 2019, 2024ರ ಮಳೆಗಾಲದಲ್ಲಿ ಆದ ಹಾಗೆ ಹೊರಹರಿವು ಭಾರೀ ಆದಾಗ ತಗ್ಗಿನ ತಿಟ್ಟುಗಳೇ ಮುಳುಗುತ್ತವೆ, ಮರದ ತಲೆ ಮಾತ್ರ ಮೇಲಿರುತ್ತೆ.

"ಸ್ವಲ್ಪ ನೀರು ಜಾಸ್ತಿ ಆದ್ರೆ ಏನಂತೆ, ಬಿಡಬಹುದಿತ್ತು" ಅಂತ ಗೊಣಗೋರು ಒಂದು ತಿಳ್ಕೋಬೇಕು. ಇಲ್ಲಿನ ದೋಣಿಗೆ ಮೋಟಾರ್ ಇಲ್ಲ, ಹುಟ್ಟು ಹಾಕಿ ನಡೆಸೋದು. ಹಕ್ಕಿ ಬೆದರದೆ ಇರೋದು ಅದಕ್ಕೇ, ಸೆಳವು ಜೋರಾದ್ರೆ ಕೈಗೆ ಸಿಗದೆ ಇರೋದೂ ಅದಕ್ಕೇ. ನೀರು ಏರಿದಾಗ ಬೇಸಿಗೆಯಲ್ಲಿ ಕಣ್ಣಿಗೆ ಕಾಣುತ್ತಿದ್ದ ಬಂಡೆಗಳು ಅರ್ಧ ಅಡಿ ಕೆಳಗೆ ಹೋಗಿ ಕೂತಿರುತ್ತವೆ. ಕಾಣೋ ಬಂಡೆಗಿಂತ ಕಾಣದ ಬಂಡೆ ಅಪಾಯ.

ಇನ್ನು ತಿಂಗಳ ಲೆಕ್ಕ. ಬಣ್ಣದ ಕೊಕ್ಕರೆ ಮತ್ತು ಹೆಜ್ಜಾರ್ಲೆ (ಪೆಲಿಕನ್) ನೋಡಬೇಕಾದ್ರೆ ಜನವರಿಯಿಂದ ಏಪ್ರಿಲ್. ಮೊದಮೊದಲು ಕಡ್ಡಿ ಸಾಗಿಸೋ ಓಡಾಟ, ಆಮೇಲೆ ತಿಂಗಳ ಕಾವು, ಅದಾದ ಮೇಲೆ ಎರಡು ತಿಂಗಳ ಹತ್ತಿರ ಮರಿಗಳ ಗಲಾಟೆ. ಬೆಳೆದ ಕೊಕ್ಕರೆಗಳು ಹೆಚ್ಚುಕಡಿಮೆ ಮೂಗರು, ಕೊಕ್ಕು ಕಟಕಟ ಅನ್ನಿಸೋದಷ್ಟೇ. ಅಷ್ಟೊಂದು ಸದ್ದು ಬರೋದು ಮರಿಗಳಿಂದ. ಇವು ಸೈಬೀರಿಯಾದಿಂದ ಬಂದವು ಅನ್ನೋ ಮಾತನ್ನ ದಡದಲ್ಲಿ ಹತ್ತು ನಿಮಿಷ ನಿಂತ್ರೆ ಎರಡು ಸಲ ಕೇಳಿಸ್ಕೋಬಹುದು. ಅಲ್ಲ, ಇವು ನಮ್ಮ ದೇಶದವೇ, ಮೀನು–ನೀರು ನೋಡಿಕೊಂಡು ಕೆರೆಯಿಂದ ಕೆರೆಗೆ ಜಾಗ ಬದಲಾಯಿಸೋ ಜಾತಿ.

ಮಾರ್ಚ್–ಏಪ್ರಿಲ್‌ನಲ್ಲಿ ನೀರು ಇಳಿದಾಗ ಬಂಡೆಗಳು ಎದ್ದು ಕಾಣುತ್ತವೆ. ಆಗ ಮರ ನೋಡೋದು ಸಾಕು ಮಾಡಿ ಕಲ್ಲು ನೋಡಿ. ಬರೀ ಬಂಡೆ ಮೇಲೆ ಮೊಟ್ಟೆ ಇಡೋ ರೀವ ಹಕ್ಕಿ (ರಿವರ್ ಟರ್ನ್), ಕಲ್ಲಿನ ಬಣ್ಣಕ್ಕೇ ಹೊಂದಿಕೊಂಡು ಅಲುಗಾಡದೆ ನಿಲ್ಲೋ ದಪ್ಪಗಣ್ಣಿನ ಥಿಕ್‌ನೀ, ಬಂಡೆಯ ಇಳಿಜಾರಿನ ಅಡಿಯಲ್ಲಿ ಮಣ್ಣಿನ ಉಂಡೆ ಮೆತ್ತಿ ಸಾಲುಸಾಲು ಗೂಡು ಕಟ್ಟೋ ಸ್ವಾಲೋಗಳು, ಇವನ್ನ ಇಷ್ಟು ಹತ್ತಿರದಿಂದ ನೋಡೋಕೆ ಸುತ್ತಮುತ್ತ ಬೇರೆ ಜಾಗ ಇಲ್ಲ. ಹೆಚ್ಚಿನ ಜನ ಇದನ್ನ ನೋಡೋದೇ ಇಲ್ಲ, ಯಾಕಂದ್ರೆ ಎಲ್ಲರ ಕಣ್ಣೂ ಮೊಸಳೆ ಮೇಲೆ.

ಜೂನ್ ಆದ ಮೇಲೆ ಪಾಳಿ ಬದಲು. ಬಿಳಿ ಕೆಂಬರಲು (ಐಬಿಸ್), ಬೆಳ್ಳಕ್ಕಿ, ಚಮಚಕೊಕ್ಕು, ಬಾಯ್ಕಳಕ (ಓಪನ್‌ಬಿಲ್) ಗೂಡು ಹಿಡಿಯುತ್ತವೆ. ದೋಣಿ ನಡೆಯೋ ದಿನ ಸಿಕ್ಕರೆ ಹಸಿರಿನ ನಡುವೆ ಇದೇ ಚೆಂದ, ಆದ್ರೆ ಯಾವ ದಿನ ನಡೆಯುತ್ತೆ ಅನ್ನೋದು ಮೇಲೆ ಹೇಳಿದ ಚೌಕದ ಮೇಲೆ. ಬಾಯ್ಕಳಕದ ಕೊಕ್ಕಿನ ನಡುವಿನ ಸಂದು ಮರಿಗಳಿಗೆ ಇರಲ್ಲ, ಬೆಳೀತಾ ಬರುತ್ತೆ. ಮಂಡ್ಯದ ಗದ್ದೆಯಲ್ಲಿ ಸಿಗೋ ಬಸವನಹುಳು ತಿನ್ನೋ ಹಕ್ಕಿ ಅದು. ನವೆಂಬರ್–ಡಿಸೆಂಬರ್ ಹವೆಗೆ ಒಳ್ಳೇದು, ಜನಕ್ಕೆ ಕೆಟ್ಟದ್ದು. ಸ್ಕೂಲ್ ಟ್ರಿಪ್‌ಗಳೆಲ್ಲ ಆಗಲೇ.

ಹೊತ್ತು: ಬೆಳಿಗ್ಗೆ ಗೇಟ್ ತೆರೆದ ಮೇಲಿನ ಮೊದಲ ಎರಡು ಗಂಟೆ. ಬೆಳಕು ಹದವಾಗಿರುತ್ತೆ, ಕ್ಯೂ ಇರಲ್ಲ, ಟೂರಿಸ್ಟ್ ಬಸ್ಸುಗಳು ಅರಮನೆ, ಮೃಗಾಲಯ ಮುಗಿಸಿಕೊಂಡು ಇನ್ನೂ ಇತ್ತ ಬಂದಿರಲ್ಲ. ಚಳಿಗಾಲದಲ್ಲಿ ಮೊಸಳೆಗಳು ಒಂಬತ್ತೂವರೆ, ಹತ್ತರ ಹೊತ್ತಿಗೆ ಬಿಸಿಲು ಕಾಯೋಕೆ ಬಂಡೆ ಹತ್ತುತ್ತವೆ. ಬಾಯಿ ತೆರೆದುಕೊಂಡಿರೋದು ಹೆದರಿಸೋಕೆ ಅಲ್ಲ, ಮೈಯಲ್ಲಿ ಹೆಚ್ಚಾದ ಕಾವು ಇಳಿಸೋಕೆ. ನಡುಮಧ್ಯಾಹ್ನ ನೀರಿನ ಮೇಲಿನ ಝಳ ಕಣ್ಣು ಕುಕ್ಕುತ್ತೆ, ಬಿಳಿ ಹಕ್ಕಿಗಳ ಫೋಟೋ ಎಲ್ಲ ಸುಣ್ಣ ಬಳಿದ ಹಾಗೆ ಬರುತ್ತೆ. ಬೆಳಿಗ್ಗೆ ಆಗದಿದ್ರೆ ಸಂಜೆ ನಾಲ್ಕರ ಮೇಲೆ: ಮೇಯೋಕೆ ಹೋದ ಹಕ್ಕಿಗಳು ಗುಂಪುಗುಂಪಾಗಿ ವಾಪಸ್ ಬರೋ ಹೊತ್ತು. ಆದ್ರೆ ದೋಣಿ ಕೌಂಟರ್ ಗೇಟಿಗಿಂತ ಮುಂಚೆ ಮುಚ್ಚುತ್ತೆ, ಕೊನೇ ಗಳಿಗೆಯಲ್ಲಿ ಬಂದು ಜಗಳ ಆಡಬೇಡಿ.

ದೋಣಿಯೊಳಗೆ. ಮಾಮೂಲಿ ಸವಾರಿ ಕಾಲು ಗಂಟೆ, ಇಪ್ಪತ್ತು ನಿಮಿಷದ್ದು. ಲೈಫ್ ಜಾಕೆಟ್ ಕೊಡ್ತಾರೆ. ಬರೀ ತೋಳು ತೂರಿಸಿ ಬಿಡೋದಲ್ಲ, ಎಲ್ಲ ಕ್ಲಿಪ್ಪೂ ಹಾಕಿ ಎಳೆದು ಬಿಗಿ ಮಾಡಿ. ಸಡಿಲ ಜಾಕೆಟ್ ನೀರಿಗೆ ಬಿದ್ದಾಗ ಗಲ್ಲದ ಮೇಲಕ್ಕೆ ಏರುತ್ತೆ, ಆಳು ಕೆಳಗೇ ಇರ್ತಾನೆ. ಚಿಕ್ಕ ಮಕ್ಕಳಿಗೆ ಅಳತೆಗೆ ಸರಿಯಾದದ್ದು ಕೇಳಿ ತಗೊಳ್ಳಿ. ಕೂರೋಕೆ ಅಂಚಿನ ಸೀಟು ಹಿಡೀರಿ, ನಡುವೆ ಕೂತ್ರೆ ಪಕ್ಕದವರ ತಲೆಯೇ ಕಾಣೋದು. ಇಲ್ಲಿ ಆಗೋ ತಪ್ಪು ಯಾವಾಗಲೂ ಒಂದೇ: "ಅಲ್ಲಿ ನೋಡಿ ಮೊಸಳೆ" ಅಂದ ತಕ್ಷಣ ಅರ್ಧ ದೋಣಿ ಎದ್ದು ಒಂದೇ ಕಡೆ ವಾಲುತ್ತೆ. ದೋಣಿ ಆ ಕಡೆ ಬಾಗುತ್ತೆ, ಹುಟ್ಟು ಹಾಕೋರು ಮೊಸಳೆ ಬಿಟ್ಟು ಜನರನ್ನ ನೋಡಬೇಕಾಗುತ್ತೆ. ಕೂತಲ್ಲೇ ಕೂತಿರಿ, ಅವರೇ ತಿರುಗಿಸಿ ಎರಡೂ ಕಡೆಯವರಿಗೆ ತೋರಿಸ್ತಾರೆ. ಕೈ ನೀರಿಗೆ ಬಿಡೋದು ಬೇಡವೇ ಬೇಡ.

ತಲೆ ಮೇಲೆ ಟೋಪಿ ಇರಲಿ. ಬಿಸಿಲಿಗಷ್ಟೇ ಅಲ್ಲ, ದೋಣಿ ಹೊಳೆಮತ್ತಿ ಕೊಂಬೆಗಳ ಕೆಳಗೆ ಹೋದಾಗ ಮೇಲಿನಿಂದ ಏನು ಬೀಳುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಗೂಡಿನ ಕಾಲದಲ್ಲಿ ವಾಸನೆ ಗಡುಸಾಗೇ ಇರುತ್ತೆ. ಅದನ್ನೇ ದೂರು ಅಂತ ಬರೆದು ಒಂದು ಸ್ಟಾರ್ ಕೊಟ್ಟೋರಿಗೆ ಏನು ಹೇಳೋದು.

ಕ್ಯಾಮೆರಾದವರಿಗೆ: ಟ್ರೈಪಾಡ್ ಮನೆಯಲ್ಲಿಡಿ, ಅಲುಗೋ ದೋಣಿಯಲ್ಲಿ ಅದು ಬರೀ ಅಡ್ಡಿ. 300 ಎಂಎಂ ಲೆನ್ಸ್ ಧಾರಾಳ ಸಾಕು, ಹತ್ತಿರ ಹೋದಾಗ ಅದೂ ಜಾಸ್ತಿ ಅನ್ನಿಸುತ್ತೆ. ಕೂತ ಹಕ್ಕಿಗೂ ಶಟರ್ 1/1000 ಕೆಳಗೆ ಇಳಿಸಬೇಡಿ. ಅಲುಗೋದು ಹಕ್ಕಿ ಅಲ್ಲ, ನೀವು. ಬಿಳಿ ಹಕ್ಕಿಗೆ ಎಕ್ಸ್‌ಪೋಶರ್ ಒಂದು ಹೆಜ್ಜೆಯ ಮೂರನೇ ಎರಡು ಭಾಗ ಕಮ್ಮಿ ಮಾಡಿ. ಬೈನಾಕ್ಯುಲರ್ ತರೋದಾದ್ರೆ 8 ಪಟ್ಟಿನದು. 10 ಪಟ್ಟಿನದು ಕೈನಡುಕವನ್ನೂ ಅಷ್ಟೇ ದೊಡ್ಡದು ಮಾಡುತ್ತೆ. ದೊಡ್ಡ ಲೆನ್ಸಿಗೆ ಪ್ರತ್ಯೇಕ ಶುಲ್ಕ ಇದೆ, ರಸೀದಿ ಜೇಬಿನಲ್ಲಿರಲಿ.

ಸ್ಪೆಷಲ್ ಬೋಟ್ ತಗೋಬೇಕಾ? ಫೋಟೋಗ್ರಫಿ ಅಥವಾ ಹಕ್ಕಿಯ ಹುಚ್ಚು ಇದ್ರೆ ಹೌದು, ಮೂರು ನಾಲ್ಕು ಜನ ದುಡ್ಡು ಹಂಚಿಕೊಂಡು. ದೋಣಿ ನಿಮ್ಮದೇ, ಹೊತ್ತೂ ಜಾಸ್ತಿ, ಒಂದು ಗೂಡಿನ ಮುಂದೆ ನಿಲ್ಲಿಸಿ ಅಂದ್ರೆ ನಿಲ್ಲಿಸ್ತಾರೆ. ಹುಟ್ಟು ಹಾಕೋ ಅಣ್ಣಂದಿರಿಗೆ ಯಾವ ಬಿದಿರ ಮೆಳೆಯಲ್ಲಿ ಇರುಳುಬಕ, ಯಾವ ಕಡೆ ನೀರುನಾಯಿ ಓಡಾಟ ಅಂತ ಬಾಯಿಪಾಠ. ಹತ್ತೋವಾಗಲೇ "ಅಣ್ಣ, ಇವತ್ತು ಏನೇನು ಕಾಣ್ತಿದೆ?" ಅಂತ ಕೇಳಿ, "ಮೊಸಳೆ ತೋರಿಸಿ" ಅನ್ನೋ ಒಂದೇ ಮಾತು ಕೇಳಿ ಬೇಜಾರಾಗಿರೋರು ಖುಷಿಯಾಗಿ ಹೇಳ್ತಾರೆ. ಬರೀ ಮಕ್ಕಳಿಗೆ ಒಂದು ಸುತ್ತು ಅನ್ನೋರಿಗೆ ಸ್ಪೆಷಲ್ ದಂಡ. ಇಪ್ಪತ್ತು ನಿಮಿಷಕ್ಕೇ ಮಕ್ಕಳು ಐಸ್‌ಕ್ರೀಮ್ ಕೇಳೋಕೆ ಶುರು ಮಾಡ್ತಾರೆ.

ದುಡ್ಡು ಒಂದೇ ಕಡೆ ಮುಗಿಯಲ್ಲ: ಪ್ರವೇಶ ಬೇರೆ, ಪಾರ್ಕಿಂಗ್ ಬೇರೆ, ದೋಣಿ ಬೇರೆ, ಕ್ಯಾಮೆರಾ ಬೇರೆ. ದರ ಆಗಾಗ ಬದಲಾಗುತ್ತೆ, ಹಳೇ ಲೆಕ್ಕ ನಂಬಬೇಡಿ. ಮುಖ್ಯವಾದದ್ದು ಇದು: ಪ್ರವೇಶ ಟಿಕೆಟ್ ತಗೊಳ್ಳೋ ಮುಂಚೆ "ಇವತ್ತು ದೋಣಿ ಇದೆಯಾ, ಕ್ಯೂ ಎಷ್ಟಿದೆ" ಅಂತ ಕೇಳಿ. ಒಳಗೆ ಹೋದ ಮೇಲೆ ಗೊತ್ತಾದ್ರೆ ಆ ದುಡ್ಡು ವಾಪಸ್ ಕೇಳೋ ಹಾಗಿಲ್ಲ. ದೋಣಿ ಇಲ್ಲದ ದಿನವೂ ದಡದ ನಡಿಗೆ ದಾರಿ ಪೂರ್ತಿ ನಷ್ಟ ಅಲ್ಲ. ಬೈನಾಕ್ಯುಲರ್ ಇದ್ರೆ ಹತ್ತಿರದ ತಿಟ್ಟಿನ ಗೂಡುಗಳು ಚೆನ್ನಾಗೇ ಕಾಣುತ್ತವೆ.

ಕೊರತೆ ಇಲ್ಲ ಅಂತಲ್ಲ. ಮಾಮೂಲಿ ಸವಾರಿ ತೀರಾ ಚಿಕ್ಕದು, ಕಣ್ಣು ಹೊಂದಿಕೊಳ್ಳೋ ಹೊತ್ತಿಗೆ ದಡ ಬಂದಿರುತ್ತೆ. ರಜೆ ದಿನ ದೋಣಿಯ ಹಿಂದೆ ದೋಣಿ, ಒಂದರಲ್ಲಿ ಕಿರುಚಿದ್ರೆ ಮೂರರಲ್ಲಿ ಕೇಳಿಸುತ್ತೆ. ಮಂಡಿನೋವಿನ ಹಿರಿಯರಿಗೆ ಅಲುಗೋ ದೋಣಿಗೆ ಕಾಲಿಡೋದು ಕಷ್ಟವೇ. ಇಬ್ಬರು ಕೈ ಹಿಡಿಯೋರು ಇದ್ರೆ ಮಾತ್ರ ಹತ್ತಿಸಿ.

ದೋಣಿ ಬೇಡ, ಹಕ್ಕಿ ಮಾತ್ರ ಸಾಕು ಅನ್ನೋರಿಗೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದೆ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರೊಳಗಿನ ಮರದಲ್ಲೇ ಗೂಡು ಕಟ್ಟೋದ್ರಿಂದ ಬೀದಿಯಲ್ಲಿ ನಿಂತು ನೋಡಬಹುದು. ಹಕ್ಕಿ ಬೇಡ, ನೀರ ಮೇಲೆ ತೇಲೋದೇ ಬೇಕು ಅನ್ನೋರು ಶ್ರೀರಂಗಪಟ್ಟಣದ ಸಂಗಮದ ಕಡೆ ತೆಪ್ಪ ಹತ್ತುತ್ತಾರೆ. ಬಿದಿರ ತಟ್ಟಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಟಾರ್ ಬಳಿದದ್ದು, ಮೂತಿ–ಹಿಂಬದಿ ಅಂತ ಇಲ್ಲದ್ದರಿಂದ ಬುಗುರಿ ಥರ ತಿರುಗುತ್ತೆ. ಹತ್ತೋ ಮುಂಚೆ ರೇಟು ತಲೆಗೋ ತೆಪ್ಪಕ್ಕೋ ಅಂತ ಬಾಯಿಬಿಟ್ಟು ಕೇಳಿ, ಲೈಫ್ ಜಾಕೆಟ್ ಇಲ್ಲ ಅಂದ್ರೆ ಹತ್ತಬೇಡಿ. ಎರಡು ಕವಲು ಸೇರೋ ಜಾಗದಲ್ಲಿ ಸುಳಿ ಮೇಲಿಂದ ಗೊತ್ತಾಗಲ್ಲ. ಇನ್ನು ದ್ವೀಪದ ಮೇಲೆ ಕಾಲಿಡಲೇಬೇಕು ಅಂತ ಹಟ ಇದ್ದೋರಿಗೆ ಶ್ರೀರಂಗಪಟ್ಟಣವೇ ಕಾವೇರಿಯ ದ್ವೀಪ. ದೋಣಿ ಬೇಕಿಲ್ಲ, ರೈಲು ಬಸ್ಸು ಎರಡೂ ಹೋಗುತ್ತೆ.

ಹೋಗೋ ದಾರಿ ಸುಲಭ. ಮೈಸೂರಿನಿಂದ ಇಪ್ಪತ್ತು ಕಿಲೋಮೀಟರ್ ಒಳಗೆ. ಬೈಕಿನವರು ಬೆಂಗಳೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಏರೋ ಹಾಗಿಲ್ಲ. 2023ರ ಆಗಸ್ಟ್‌ನಿಂದ ದ್ವಿಚಕ್ರ, ಆಟೋಗಳಿಗೆ ಅಲ್ಲಿ ನಿಷೇಧ, ಸರ್ವಿಸ್ ರಸ್ತೆಯಲ್ಲೇ ಬನ್ನಿ. ಕೆಆರ್‌ಎಸ್ ಕಡೆಯಿಂದ ಬರೋರಿಗೆ ಪಾಲಹಳ್ಳಿ ಮೇಲೆ ದಾರಿ. ಬಸ್ಸಿನವರು ಶ್ರೀರಂಗಪಟ್ಟಣದಲ್ಲಿ ಇಳಿದು ಆಟೋ ಹಿಡೀಬೇಕು, ಮೂರು ನಾಲ್ಕು ಕಿಲೋಮೀಟರ್ ಅಷ್ಟೇ. ಬರೀ ಹೋಗೋದಕ್ಕೆ ಮಾತಾಡಬೇಡಿ: ಹೋಗಿಬರೋದು, ನಡುವೆ ಎರಡು ಗಂಟೆ ಕಾಯೋದು ಸೇರಿಸಿ ಒಂದೇ ರೇಟು ಮಾತಾಡಿ, ದುಡ್ಡು ವಾಪಸ್ ಬಂದು ಇಳಿದ ಮೇಲೆ ಕೊಡಿ. ಸಂಜೆ ಆರರ ಮೇಲೆ ಆ ಗೇಟಿನ ಮುಂದೆ ಖಾಲಿ ಆಟೋ ಸಿಗೋದು ಅನುಮಾನ.