ಸಿಎಸ್ ಸೀಟಿಗೆ ಅಡ್ವಾನ್ಸ್ ಕೊಡುವ ಮೊದಲು ಇದನ್ನೊಮ್ಮೆ ಓದಿ

ಮೊನ್ನೆ ಒಬ್ಬರು ತಾಯಿ ಮನೆಯ ದಾಖಲೆಪತ್ರ ಹಿಡಿದುಕೊಂಡು ನನ್ನ ಅಂಗಡಿಗೆ ಬಂದಿದ್ದರು. ಎರಡು ಸೆಟ್ ಜೆರಾಕ್ಸ್ ಬೇಕಿತ್ತು. ಮಗಳಿಗೆ ಮಂಗಳೂರಿನಲ್ಲಿ ಇಂಜಿನಿಯರಿಂಗ್‌ನ ಕಂಪ್ಯೂಟರ್ ಸೈನ್ಸ್ (ಸಿಎಸ್) ಸೀಟು ಬುಕ್ ಮಾಡಲಿಕ್ಕಂತೆ. ಸಿಇಟಿ ಇನ್ನೂ ಆಗಿಯೇ ಇಲ್ಲ. ಅವರನ್ನು ಕೂರಿಸಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಾಪುವಿನಲ್ಲಿ ನನ್ನದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬಿಸುವ ಅಂಗಡಿ. ಊರಿನ ಎಷ್ಟೋ ಮಕ್ಕಳ ಆಪ್ಶನ್ ಎಂಟ್ರಿ (ಸಿಇಟಿ ಸೀಟಿಗೆ ಬೇಕಾದ ಕಾಲೇಜು, ಕೋರ್ಸ್‌ಗಳ ಪಟ್ಟಿ ತುಂಬಿಸುವುದು) ಮಾಡಿಕೊಟ್ಟಿದ್ದೇನೆ. ಆದರೂ ಸ್ವಂತ ಮಗನ ಸೀಟಿನ ವಿಷಯದಲ್ಲಿ ಹೆದರಿಬಿಟ್ಟೆ.

ಅದು 2020. ಏಪ್ರಿಲ್‌ನಲ್ಲಿ ಆಗಬೇಕಿದ್ದ ಸಿಇಟಿ ಕೊರೊನಾದಿಂದಾಗಿ ಜುಲೈ ಕೊನೆಗೆ ಹೋಯಿತು. ಆ ನಡುವೆ ಪರಿಚಯದವರ ಮೂಲಕ ಒಬ್ಬ ಅಡ್ಮಿಷನ್ ಏಜೆಂಟ್ ಮನೆಗೆ ಬಂದ. "ಸಿಇಟಿ ಯಾವಾಗ ಆಗ್ತದೋ ಯಾರಿಗೆ ಗೊತ್ತುಂಟು ಮಾರಾಯ್ರೆ? ಈಗ ಬುಕ್ ಮಾಡದಿದ್ರೆ ಸಿಎಸ್ ಸಿಗ್ಲಿಕ್ಕಿಲ್ಲ" ಎಂದ. ಕೈಯಲ್ಲಿ ಕಾಲೇಜಿನ ಬಣ್ಣದ ಪುಸ್ತಿಕೆ. ಅದರ ಮುಖಪುಟದಲ್ಲೇ ದೊಡ್ಡ ಅಕ್ಷರದಲ್ಲಿ 'ಅತ್ಯಧಿಕ ಪ್ಯಾಕೇಜ್' ಎಂದು ಹಾಕಿದ್ದರು. ನನ್ನ ಕಣ್ಣು ಅಲ್ಲೇ ನಿಂತಿತು. ಐವತ್ತು ಸಾವಿರ ಕೊಟ್ಟೆ, ರಸೀದಿ ಕೇಳಲಿಲ್ಲ.

ಆಗಸ್ಟ್‌ನಲ್ಲಿ ಫಲಿತಾಂಶ ಬಂತು. ಮಗನ ರ‍್ಯಾಂಕಿಗೆ ಸರ್ಕಾರಿ ಕೋಟಾದಲ್ಲಿ ಎಲೆಕ್ಟ್ರಾನಿಕ್ಸ್ ಸಿಗುವ ಹಾಗಿತ್ತು, ವರ್ಷಕ್ಕೆ ಲಕ್ಷ ರೂಪಾಯಿ ಆಸುಪಾಸಿನಲ್ಲಿ. ನಾನು ಒಪ್ಪಿಕೊಂಡಿದ್ದ ಮ್ಯಾನೇಜ್‌ಮೆಂಟ್ ಸೀಟಿಗೆ ವರ್ಷಕ್ಕೆ ಎರಡೂವರೆ ಲಕ್ಷ. ಸೀಟು ಬಿಡುತ್ತೇವೆ ಎಂದು ಏಜೆಂಟನಿಗೆ ಫೋನ್ ಮಾಡಿದರೆ ಹಣ ವಾಪಸ್ ಬರುವುದಿಲ್ಲ ಎಂದ. ಕೋರ್ಸ್ ಶುರುವಾಗುವ ಮೊದಲೇ ಸೀಟು ಬಿಟ್ಟವರಿಗೆ ಕಾಲೇಜು ಸಾವಿರ ರೂಪಾಯಿ ಮಾತ್ರ ಹಿಡಿದುಕೊಂಡು ಉಳಿದ ಶುಲ್ಕ ಮರಳಿಸಬೇಕು ಎಂದು ತಾಂತ್ರಿಕ ಕಾಲೇಜುಗಳ ಮೇಲಿನ ಕೇಂದ್ರ ಮಂಡಳಿ ಎಐಸಿಟಿಇಯ ನಿಯಮವಿದೆ. ಆದರೆ ರಸೀದಿಯೇ ಇಲ್ಲದ ಹಣವನ್ನು ಯಾರ ಹತ್ತಿರ ಕೇಳುವುದು? ಆ ಐವತ್ತು ಸಾವಿರ ಉಳಿಸಿಕೊಳ್ಳಲು ಹೋಗಿ ಹತ್ತು ಲಕ್ಷದ ಸಾಲಕ್ಕೆ ಸಹಿ ಹಾಕಿದೆ. ಏಳೂವರೆ ಲಕ್ಷ ದಾಟಿದ್ದರಿಂದ ಬ್ಯಾಂಕಿನವರು ಅಡಮಾನ ಕೇಳಿದರು. ಮನೆಯ ಪತ್ರ ಇಟ್ಟೆ. ಮೊದಲ ವರ್ಷದ ಬಹುಪಾಲು ಪಾಠವನ್ನು ಮಗ ಮನೆಯಲ್ಲೇ ಕೂತು ಮೊಬೈಲಿನಲ್ಲಿ ಕೇಳಿದ. ಶುಲ್ಕ ಮಾತ್ರ ಪೂರ್ತಿ ಕಟ್ಟಿದೆವು.

ಬಡ್ಡಿಯ ವಿಷಯ ನಿಧಾನವಾಗಿ ಓದಿ. ಓದುವಾಗ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ ಎಂದು ಬ್ಯಾಂಕಿನಲ್ಲಿ ಹೇಳಿದಾಗ ನಾನು ನೆಮ್ಮದಿಯಿಂದ ಎದ್ದು ಬಂದಿದ್ದೆ. ಕಂತು ಇಲ್ಲ, ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತದೆ. ಶೇ 10.5ರಂತೆ ಹಿಡಿಯಿರಿ. ಮೊದಲ ವರ್ಷ ತೆಗೆದ ಎರಡೂವರೆ ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಆಮೇಲಿನವಕ್ಕೆ ಮೂರು, ಎರಡು. ಸೇರಿಸಿದರೆ 3,67,500 ರೂಪಾಯಿ. ಹತ್ತು ಲಕ್ಷದ ಸಾಲ ಕಂತು ಶುರುವಾಗುವ ದಿನಕ್ಕೆ 13,67,500 ಆಗಿರುತ್ತದೆ. ಹತ್ತು ವರ್ಷಕ್ಕೆ ಹಂಚಿದರೆ ತಿಂಗಳ ಕಂತು ಸುಮಾರು 18,450. ಒಟ್ಟು ಕಟ್ಟುವುದು 22 ಲಕ್ಷಕ್ಕೂ ಮೇಲೆ.

ಇನ್ನು ಸಂಬಳ. ಮಗ ಸೇರಿದ ಮರುವರ್ಷ ಐಟಿ ಕಂಪನಿಗಳು ಮುಗಿಬಿದ್ದು ಜನ ತೆಗೆದುಕೊಂಡವು, ನನಗೂ ಧೈರ್ಯ ಬಂದಿತ್ತು. ಅವನು 2024ರಲ್ಲಿ ಮುಗಿಸುವಾಗ ಕ್ಯಾಂಪಸ್‌ಗೆ ಬರುವ ಕಂಪನಿಗಳೇ ಕಡಿಮೆಯಾಗಿದ್ದವು. ಹನ್ನೊಂದು ತಿಂಗಳು ಮನೆಯಲ್ಲಿದ್ದ. ಆ ದಿನಗಳಲ್ಲಿ ನಾವಿಬ್ಬರೂ ಊಟಕ್ಕೆ ಕೂತರೂ ಮಾತಾಡುತ್ತಿರಲಿಲ್ಲ. ಕೊನೆಗೆ ಬೆಂಗಳೂರಿನಲ್ಲಿ ವರ್ಷಕ್ಕೆ 3.6 ಲಕ್ಷದ ಕೆಲಸ ಸಿಕ್ಕಿತು. ತಿಂಗಳಿಗೆ ಮೂವತ್ತು ಸಾವಿರ ಬರುತ್ತದೆಂದು ನಾನು ತಿಳಿದಿದ್ದೆ. ಆ ಪ್ಯಾಕೇಜಿನೊಳಗೆ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ವಿಮೆ, ವರ್ಷದ ಕೊನೆಗೆ ಬರಬಹುದಾದ ಇನ್ಸೆಂಟಿವ್ ಎಲ್ಲ ಸೇರಿರುತ್ತದೆ. ಅವನ ಕೈಗೆ ಬರುವುದು 24,500. ಕಂತು ಕಟ್ಟಿದರೆ ಉಳಿಯುವ ಆರು ಸಾವಿರ ಬೆಂಗಳೂರಿನ ಪಿ.ಜಿ. ಬಾಡಿಗೆಗೂ ಸಾಲದು. ಹಾಗಾಗಿ ಕಂತಿನ ಅರ್ಧ ಈಗ ನನ್ನ ಅಂಗಡಿಯಿಂದ ಹೋಗುತ್ತಿದೆ. "ಅಪ್ಪ, ಮುಂದಿನ ವರ್ಷದಿಂದ ಪೂರ್ತಿ ನಾನೇ ಕಟ್ತೇನೆ" ಎನ್ನುತ್ತಾನೆ. ಅವನದೇನೂ ತಪ್ಪಿಲ್ಲ, ಚೆನ್ನಾಗಿ ಓದಿದ ಹುಡುಗ.

ನನ್ನನ್ನು ಇವತ್ತಿಗೂ ಕಾಡುವುದು ಬೇರೆಯೇ. ಅದೇ 2020ರಲ್ಲಿ ಪಕ್ಕದ ಓಣಿಯ ಹುಡುಗಿಗೆ ನನ್ನ ಅಂಗಡಿಯಲ್ಲೇ ಆಪ್ಶನ್ ಎಂಟ್ರಿ ಮಾಡಿಕೊಟ್ಟಿದ್ದೆ. ಸರ್ಕಾರಿ ಕೋಟಾ, ಎಲೆಕ್ಟ್ರಾನಿಕ್ಸ್. ಈಗ ಅವಳೂ ಮಗನ ಕಂಪನಿಯಲ್ಲೇ ಇದ್ದಾಳೆ. ಅದೇ ಪರೀಕ್ಷೆ, ಅದೇ ಸಂಬಳ. ಹೊಸಬರನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಳ್ಳುವ ಐಟಿ ಕಂಪನಿಗಳು ಬ್ರಾಂಚ್ ನೋಡದೆ ಕರೆಯುವುದು ಸಾಮಾನ್ಯ. ಇದನ್ನು ನಾನು ಸಿಎಸ್ ಮುಗಿಸಿದ ಒಬ್ಬನನ್ನಾದರೂ ಕೇಳಿದ್ದರೆ ಆಗಲೇ ತಿಳಿಯುತ್ತಿತ್ತು.

ಕಾಲೇಜಿಗೆ ಹೋದಾಗ ಅತ್ಯಧಿಕ ಪ್ಯಾಕೇಜ್ ಎಷ್ಟು ಎಂದು ಕೇಳಬೇಡಿ, ಅದು ಒಬ್ಬನಿಗೆ ಸಿಕ್ಕಿದ್ದು. ಕಳೆದ ವರ್ಷ ಸಿಎಸ್ ಮುಗಿಸಿದವರೆಷ್ಟು, ಅದರಲ್ಲಿ ಕೆಲಸಕ್ಕೆ ಸೇರಿದವರೆಷ್ಟು, ಸಂಬಳದ ಪಟ್ಟಿಯ ನಡುವಿನವನಿಗೆ ಎಷ್ಟು ಎಂದು ಕೇಳಿ. ಒಬ್ಬನಿಗೆ ಮೂರು ಆಫರ್ ಬಂದದ್ದನ್ನು ಮೂರು ಎಂದು ಎಣಿಸಿದ್ದಾರೆಯೇ ಎಂದೂ ಕೇಳಿ. ಹಿಂದಿನ ವರ್ಷಗಳ ಕಟ್‌ಆಫ್ ರ‍್ಯಾಂಕ್ ಸಿಇಟಿ ನಡೆಸುವ ಕೆಇಎಯ ಜಾಲತಾಣದಲ್ಲೇ ಉಂಟು, ಅದಕ್ಕೆ ಏಜೆಂಟ್ ಬೇಡ. ಕಡಿಮೆ ಆದಾಯದ ಮನೆಯವರು ಎಸ್‌ಎನ್‌ಕ್ಯೂ ಸೀಟು ಮರೆಯಬೇಡಿ. ಅವು ಮಂಜೂರಾದ ಸೀಟುಗಳ ಮೇಲೆ ಶೇ 5ರಷ್ಟು ಹೆಚ್ಚುವರಿ, ಬೋಧನಾ ಶುಲ್ಕ ಮಾಫಿ.

ಈಗಾಗಲೇ ಸಾಲ ತೆಗೆದು ಸೇರಿಸಿಯಾಗಿದ್ದರೆ, ಈ ತಿಂಗಳೇ ಬ್ಯಾಂಕಿಗೆ ಹೋಗಿ ಬಡ್ಡಿಯನ್ನಾದರೂ ತಿಂಗಳು ತಿಂಗಳು ಕಟ್ಟುತ್ತೇನೆ ಎಂದು ಹೇಳಿ. ನನ್ನಂಥ ಸಾಲಕ್ಕೆ ಮೊದಲ ವರ್ಷ ಅದು ತಿಂಗಳಿಗೆ ಸುಮಾರು 2,200 ರೂಪಾಯಿ, ನಾಲ್ಕನೆಯ ವರ್ಷಕ್ಕೆ 8,750. ನಾನು ಹಾಗೆ ಕಟ್ಟಿದ್ದರೆ ಇವತ್ತಿನ ಕಂತು 13,500 ಆಗಿರುತ್ತಿತ್ತು.