ಮಾಸಿದ ಹಳೆ ಪಿಸ್ತೂಲಿಗೆ ಹೊಸ ಬಣ್ಣ: ಕೋಲ್ಡ್ ಬ್ಲೂ, ರಸ್ಟ್ ಬ್ಲೂ, ಸೆರಾಕೋಟ್

ಅಮೆರಿಕದ ಸರ್ಪ್ಲಸ್ (ಸೇನೆಗಳು ಮಾರಿದ ಹಳೆ ಆಯುಧಗಳ) ಮಾರುಕಟ್ಟೆಗೆ ಬಂದ ಯುಗೊಸ್ಲಾವಿಯದ ಎಂ57ನಂಥ, ಸೋವಿಯತ್ ಟೊಕರೆವ್ ಮಾದರಿಯ ಪಿಸ್ತೂಲುಗಳು ಒಳಗೆ ಗಟ್ಟಿಯಾಗಿದ್ದರೂ ಹೊರಮೈಯಲ್ಲಿ ಬಣ್ಣ ಕಳೆದುಕೊಂಡಿರುತ್ತವೆ. ಹೋಲ್‌ಸ್ಟರ್ (ಸೊಂಟದ ಚೀಲ) ಉಜ್ಜಿ ಸ್ಲೈಡಿನ, ಅಂದರೆ ಮೇಲೆ ಹಿಂದೆಮುಂದೆ ಸರಿಯುವ ಭಾಗದ, ಮುಂತುದಿ ಬೆಳ್ಳಗಾಗಿರುತ್ತದೆ, ಹಿಡಿಯ ಬಳಿ ಬೆವರಿನ ತುಕ್ಕು ಹತ್ತಿರುತ್ತದೆ. ಇಂಥ ಕಾರ್ಬನ್ ಉಕ್ಕಿಗೆ ಕಡಿಮೆ ಖರ್ಚಿನಲ್ಲಿ ಯಾವ ಲೇಪ ನಿಲ್ಲುತ್ತದೆ ಎಂದು ಮೂರನ್ನೂ ಬಳಸಿ ನೋಡಿದ ಹೋಲಿಕೆ ಇದು. (ಭಾರತದಲ್ಲಿ 1959ರ ಆಯುಧ ಕಾಯಿದೆಯ ಪ್ರಕಾರ ಕೋವಿ ರಿಪೇರಿಗೂ ಪರವಾನಗಿ ಬೇಕು. ಅಲ್ಲಿ ಈ ಕೆಲಸ ಪರವಾನಗಿ ಇರುವ ಗನ್‌ಸ್ಮಿತ್‌ಗೇ ಸೇರಿದ್ದು.)

ಮೂರಕ್ಕೂ ಮುಂಚಿನ ತಯಾರಿಯೇ ಮುಕ್ಕಾಲು ಕೆಲಸ. ಮ್ಯಾಗಜಿನ್ ತೆಗೆದು, ಗುಂಡು ಕೂರುವ ಚೇಂಬರ್ ಖಾಲಿಯಿದೆಯೆಂದು ಕಣ್ಣಿಂದಲೂ ಬೆರಳಿಂದಲೂ ಖಚಿತಪಡಿಸಿಕೊಂಡ ಮೇಲೆ ಪೂರ್ತಿ ಬಿಚ್ಚಿ. ಹಳೆ ಬಣ್ಣವನ್ನು ಬಿಳಿ ವಿನೆಗರ್ ಅರ್ಧ ಗಂಟೆಯೊಳಗೆ ಕಿತ್ತು ಹಾಕುತ್ತದೆ. ಸ್ಪ್ರಿಂಗ್, ಫೈರಿಂಗ್ ಪಿನ್ನುಗಳನ್ನು ಮಾತ್ರ ಅದರಲ್ಲಿ ಅದ್ದಬಾರದು, ಆಮ್ಲದಿಂದ ಹುಟ್ಟುವ ಜಲಜನಕ ಗಡಸು ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ. ಹೊರತೆಗೆದೊಡನೆ ಅಡಿಗೆ ಸೋಡಾ ನೀರಿನಲ್ಲಿ ತೊಳೆಯದಿದ್ದರೆ ನೋಡನೋಡುತ್ತಲೇ ಕೆಂಪು ತುಕ್ಕು ಏಳುತ್ತದೆ. ಆಮೇಲೆ 220, 320, 400 ನಂಬರಿನ ಉಪ್ಪುಕಾಗದ, ಪ್ರತಿಸಲವೂ ಚಪ್ಪಟೆ ಮರದ ತುಂಡಿಗೆ ಸುತ್ತಿಯೇ. ಬರಿ ಬೆರಳಲ್ಲಿ ತಿಕ್ಕಿದರೆ ಅಂಚುಗಳು ದುಂಡಗಾಗುತ್ತವೆ, ತೂತುಗಳ ಬಾಯಿ ತಗ್ಗಾಗುತ್ತದೆ. ಆ ಕುರೂಪವನ್ನು ಯಾವ ಬಣ್ಣವೂ ಮುಚ್ಚುವುದಿಲ್ಲ. ಸೀರಿಯಲ್ ನಂಬರಿನ ಹತ್ತಿರಕ್ಕೂ ಉಪ್ಪುಕಾಗದ ಹೋಗಕೂಡದು, ಅದನ್ನು ಅಳಿಸುವುದು ಅಪರಾಧ.

ಉಕ್ಕಿಗೆ ಸವರಿ ಕಪ್ಪು ಮಾಡುವ ದ್ರಾವಣ ಕೋಲ್ಡ್ ಬ್ಲೂ ಅತಿ ಅಗ್ಗ, ಒಂದು ಸಣ್ಣ ಬಾಟಲಿ ಸಾಕು. ಎಣ್ಣೆ ಪೂರ್ತಿ ಹೋಗುವಂತೆ ಅಸಿಟೋನಿನಲ್ಲಿ ಒರೆಸಿ, ಹೇರ್ ಡ್ರೈಯರಿನಿಂದ ಉಕ್ಕನ್ನು ಬೆಚ್ಚಗೆ ಮಾಡಿ ಹಚ್ಚಿದರೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಆದರೆ ಇದು ಸೆಲೆನಿಯಮ್ ಮತ್ತು ತಾಮ್ರದ ತೆಳು ಪದರ, ಉಕ್ಕಿನ ಆಕ್ಸೈಡ್ ಅಲ್ಲ. ಅಗಲ ಜಾಗದಲ್ಲಿ ಮಚ್ಚೆ ಮಚ್ಚೆಯಾಗುತ್ತದೆ, ಹೋಲ್‌ಸ್ಟರಿಗೆ ಹೋಗಿ ಬಂದರೆ ಅಂಚುಗಳು ಬೇಗ ಬೆಳ್ಳಗಾಗುತ್ತವೆ, ತುಕ್ಕನ್ನೂ ತಡೆಯುವುದಿಲ್ಲ. ಗೀರು, ಸ್ಕ್ರೂ ತಲೆಗೆ ಸರಿ, ಇಡೀ ಸ್ಲೈಡಿಗೆ ಬೇಡ. ದ್ರಾವಣ ವಿಷವಾದ್ದರಿಂದ ಕೈಗವಸು, ತೆರೆದ ಕಿಟಕಿ ಎರಡೂ ಬೇಕೇ ಬೇಕು.

ತುಕ್ಕನ್ನೇ ಬರಿಸಿ ಕಪ್ಪಾಗಿಸುವ ರಸ್ಟ್ ಬ್ಲೂಗೆ ಹಣಕ್ಕಿಂತ ತಾಳ್ಮೆ ಬೇಕು. ಹಿಂಡಿ ತೆಗೆದ ಹತ್ತಿಯಿಂದ ತುಕ್ಕು ಹಿಡಿಸುವ ದ್ರಾವಣವನ್ನು ಒಂದೇ ಎಳೆತದಲ್ಲಿ ಸವರಿ. ಹನಿ ಇಳಿದರೆ ಆ ಗೆರೆ ಕೊನೆಯವರೆಗೂ ಉಳಿಯುತ್ತದೆ, ತಾಮ್ರದ ಬಣ್ಣ ಕಂಡರೆ ದ್ರಾವಣ ಹೆಚ್ಚಾಯಿತೆಂದು ಅರ್ಥ. ಬಿಸಿನೀರಿನ ಪಾತ್ರೆ ಇಟ್ಟ ಪೆಟ್ಟಿಗೆಯಲ್ಲಿ ಮೂರು ನಾಲ್ಕು ಗಂಟೆ ತೂಗುಬಿಟ್ಟರೆ ನವಿರಾದ ಕೆಂಪು ತುಕ್ಕು ಕೂರುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ 15 ನಿಮಿಷ ಕುದಿಸಿದಾಗ ಆ ಕೆಂಪು ಕಪ್ಪು ಆಕ್ಸೈಡ್ ಆಗಿ ಬದಲಾಗುತ್ತದೆ. ನಲ್ಲಿನೀರಾದರೆ ಸುಣ್ಣದ ಕಲೆ ಖಂಡಿತ. ಎಣ್ಣೆ ತೆಗೆದ 0000 ಸ್ಟೀಲ್ ವುಲ್‌ನಿಂದ ಮೆಲ್ಲಗೆ ಉಜ್ಜಿ ಮತ್ತೆ ಸವರಿ. ಆರೇಳು ಸುತ್ತಿನ ಹೊತ್ತಿಗೆ ಆಳವಾದ ಕಪ್ಪು ಬರುತ್ತದೆ. ಉಕ್ಕನ್ನು ಕನ್ನಡಿಯಂತೆ ಹೊಳಪಿಸಿದ್ದರೆ ತುಕ್ಕು ಸಮನಾಗಿ ಹಿಡಿಯದು, 400ಕ್ಕೇ ನಿಲ್ಲಿಸಿ. ಬ್ಯಾರೆಲ್ಲಿನ ಎರಡೂ ಬಾಯಿಗೆ ಮರದ ಬಿರಡೆ ಬಿಗಿಯಿರಿ. ಕೊನೆಗೆ ಸೋಡಾ ನೀರಿನಲ್ಲಿ ಕುದಿಸಿ, ಬಿಸಿಯಿರುವಾಗಲೇ ಎಣ್ಣೆಯಲ್ಲಿ ಒಂದು ರಾತ್ರಿ ನೆನೆಸದಿದ್ದರೆ ತುಕ್ಕು ಮುಂದುವರಿಯುತ್ತಲೇ ಇರುತ್ತದೆ. ಇದರ ಮಿದುವಾದ ಹೊಳಪು ಹಳೆಯ ಕಾರ್ಖಾನೆ ಬಣ್ಣಕ್ಕೆ ಬಹಳ ಹತ್ತಿರ, ಬಾಳಿಕೆಯಲ್ಲಿ ಕೋಲ್ಡ್ ಬ್ಲೂ ಇದರ ಹತ್ತಿರಕ್ಕೂ ಬಾರದು.

ಸೆರಾಕೋಟ್ ಎಚ್ ಸರಣಿ ಬಣ್ಣದ ಪದರ. ತುಕ್ಕು, ಬೆವರು ತಡೆಯುವುದರಲ್ಲಿ ಮೂರರಲ್ಲೂ ಇದೇ ಮುಂದು. ಖರ್ಚಿರುವುದು ಸಾಮಾನಿನಲ್ಲಿ: ಕಂಪ್ರೆಸರ್, ಸ್ಪ್ರೇ ಗನ್, 100 ನಂಬರಿನ ಅಲ್ಯೂಮಿನಿಯಮ್ ಆಕ್ಸೈಡ್ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಪುಡಿ ಹೊಡೆದು ಮೈ ತರಿಯಾಗಿಸುವುದು), 250 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಎರಡು ಗಂಟೆ ಕಾಯಿಸಲು ಅಡುಗೆಗೆ ಬಳಸದ ಓವನ್. ಬ್ಲಾಸ್ಟಿಂಗ್ ಬಿಟ್ಟರೆ ಪದರ ಹಪ್ಪಳೆಯಂತೆ ಏಳುತ್ತದೆ. ದಪ್ಪ ಹೊಡೆದರೆ ಸ್ಲೈಡ್ ಹಳಿಯಲ್ಲಿ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಹಳಿ, ಚೇಂಬರುಗಳನ್ನು ಮುಚ್ಚಿಯೇ ಹೊಡೆಯಬೇಕು.

ಮೈ ನಯವಾಗಿದ್ದರೆ ನಮ್ಮ ಆಯ್ಕೆ ರಸ್ಟ್ ಬ್ಲೂ, ಅನುಮಾನವೇ ಇಲ್ಲ. ತುಕ್ಕು ತಿಂದು ಗುಳಿ ಬಿದ್ದಿದ್ದರೆ, ಸಲಕರಣೆ ಎರವಲು ಸಿಗುವಂತಿದ್ದರೆ ಸೆರಾಕೋಟ್. ಇನ್ನು ಎಲ್ಲ ಭಾಗಗಳ ನಂಬರೂ ಹೊಂದುವ, ಕಾರ್ಖಾನೆಯ ಬಣ್ಣ ಇನ್ನೂ ಅಲ್ಲಲ್ಲಿ ಉಳಿದಿರುವ ಪಿಸ್ತೂಲಾದರೆ ಎಣ್ಣೆ ಬಟ್ಟೆಯಿಂದ ಒರೆಸಿಟ್ಟುಬಿಡಿ. ಸಂಗ್ರಾಹಕರು ಬೆಲೆ ಕಟ್ಟುವುದು ಆ ಸವೆದ ಬಣ್ಣಕ್ಕೇ.