ತಂಗಿಗೆ ರೆಡಿ ಲ್ಯಾಪ್‌ಟಾಪ್, ನನಗೆ ಜೋಡಿಸಿಕೊಳ್ಳುವುದು

ಅಮೆರಿಕದಿಂದ ಮೈಸೂರಿಗೆ ಬಂದ ಅಕ್ಕ ಮತ್ತು ಭಾವ ಬಿಡಿಭಾಗಗಳನ್ನು ನಾವೇ ಬಿಚ್ಚಿ ಬದಲಿಸಿಕೊಳ್ಳಬಹುದಾದ ಫ್ರೇಮ್‌ವರ್ಕ್ 13 ಲ್ಯಾಪ್‌ಟಾಪನ್ನು ತಲಾ ಒಂದರಂತೆ ತಂದುಕೊಟ್ಟರು. ಕಂಪನಿ ಆಗ ಭಾರತದಲ್ಲಿ ನೇರವಾಗಿ ಮಾರುತ್ತಿರಲಿಲ್ಲ. 18 ವರ್ಷ ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದೆಂಬ ನಿಯಮವಿದ್ದುದರಿಂದ ಎರಡೂ ತೊಂದರೆಯಿಲ್ಲದೆ ಮನೆ ಸೇರಿದವು. ಪೂರ್ತಿ ಜೋಡಿಸಿ ಬಂದದ್ದು ತಂಗಿಗೆ, ನಾವೇ ಜೋಡಿಸಿಕೊಳ್ಳಬೇಕಾದ ಡಿಐವೈ ನನಗೆ. ಒಂದು ವಾರ ಸತಾಯಿಸಿದರೂ ನನ್ನ ಒಲವು ಡಿಐವೈ ಕಡೆಗೇ ಇದೆ.

ಡಿಐವೈ ಎಂದೊಡನೆ ಗಾಬರಿಪಡಬೇಕಿಲ್ಲ. ಮದರ್‌ಬೋರ್ಡ್, ಬ್ಯಾಟರಿ, ಪರದೆಗಳು ಕೂತೇ ಬಂದಿರುತ್ತವೆ. ರ‍್ಯಾಮ್ (ಕೆಲಸ ನಡೆಯುವಾಗ ಬಳಕೆಯಾಗುವ ಮೆಮೊರಿ), ಎಸ್‌ಎಸ್‌ಡಿ (ಫೈಲುಗಳು ಉಳಿಯುವ ಡ್ರೈವ್) ಮತ್ತು ಆಪರೇಟಿಂಗ್ ಸಿಸ್ಟಂ ಮುಖ್ಯವಾಗಿ ನಮ್ಮ ಪಾಲಿನವು. ತಳದ ಐದು ಸ್ಕ್ರೂ ಸಡಿಲಿಸಿದರೆ ಕೀಬೋರ್ಡ್ ಇರುವ ಮೇಲ್ಭಾಗ ಎದ್ದುಬರುತ್ತದೆ. ಆ ಸ್ಕ್ರೂಗಳು ಸಡಿಲವಾದರೂ ತಳದಲ್ಲಿಯೇ ಉಳಿಯುವುದರಿಂದ ಮಂಚದಡಿ ಹುಡುಕುವ ಪ್ರಸಂಗ ಬರುವುದಿಲ್ಲ.

ನನ್ನನ್ನು ಸತಾಯಿಸಿದ್ದು ರ‍್ಯಾಮ್, ಅದಕ್ಕೆ ಕಾರಣ ನನ್ನ ಜಿಪುಣತನ. ಹಳೆಯ ಲ್ಯಾಪ್‌ಟಾಪಿನ ಎಸ್‌ಎಸ್‌ಡಿಯನ್ನು ಇದಕ್ಕೆ ಕೂರಿಸಿದೆ. ಅದೇ ಹುಮ್ಮಸ್ಸಿನಲ್ಲಿ ಹಳೆಯ ರ‍್ಯಾಮನ್ನೂ ಒತ್ತಲು ಹೋದಾಗ ಪಟ್ಟಿ ಅರ್ಧ ಇಳಿದು ವಾಲಿ ನಿಂತಿತು. ಹಳೆಯದು 260 ಪಿನ್ನಿನ ಡಿಡಿಆರ್4, ರೈಜೆನ್ 7040 ಸರಣಿಯ ಪ್ರೊಸೆಸರ್ ಇರುವ ಈ ಬೋರ್ಡಿಗೆ ಬೇಕಾದದ್ದು ಅದರ ಮುಂದಿನ ಪೀಳಿಗೆಯ, 262 ಪಿನ್ನಿನ ಡಿಡಿಆರ್5. ಎರಡರ ಅಂಚಿನಲ್ಲಿ ಕಚ್ಚು ಇರುವ ಜಾಗವೇ ಬೇರೆ. ಕೊಳ್ಳುವ ಮೊದಲು ಒಂದು ಸಾಲು ಓದಿದ್ದರೆ ಸಾಕಿತ್ತು.

ದೇವರಾಜ ಅರಸು ರಸ್ತೆಯ ಅಂಗಡಿಯೊಂದರಲ್ಲಿ ವಿಚಾರಿಸಿದರೆ, "ಲ್ಯಾಪ್‌ಟಾಪಿಂದು ಸದ್ಯಕ್ಕೆ ಡಿಡಿಆರ್4 ಮಾತ್ರ ಇದೆ ಸಾರ್, ಇದನ್ನು ತರಿಸ್ಬೇಕು" ಎಂಬ ಉತ್ತರ ಸಿಕ್ಕಿತು. ಕಾಯುವ ತಾಳ್ಮೆಯಿಲ್ಲದೆ ಶನಿವಾರ ರೈಲು ಹತ್ತಿ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗಿ 16 ಜಿಬಿಯ ಎರಡು ಪಟ್ಟಿಗಳನ್ನು ತಂದೆ. ಹಾಕಿ ಗುಂಡಿ ಒತ್ತಿದರೆ ಪರದೆ ಕಪ್ಪಗೇ ಉಳಿಯಿತು. ಮೂರು ಸಲ ಗುಂಡಿ ಒತ್ತಿಹಿಡಿದು ಆರಿಸಿದೆ, ಎರಡು ಸಲ ಪಟ್ಟಿಗಳನ್ನು ತೆಗೆದು ಹಾಕಿದೆ, ಬೋರ್ಡೇ ಸತ್ತಿರಬೇಕೆಂದು ಭಾವನಿಗೆ ಫೋನನ್ನೂ ಮಾಡಿದೆ. ಡಿಡಿಆರ್5 ರ‍್ಯಾಮನ್ನು ಹೊಸದಾಗಿ ಹಾಕಿದಾಗ ಯಂತ್ರವು ಅದನ್ನು ಪರೀಕ್ಷಿಸಿ ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ, ಅಲ್ಲಿಯವರೆಗೆ ಪರದೆಯಲ್ಲಿ ಏನೂ ಮೂಡುವುದಿಲ್ಲ. ನಾನು ಪ್ರತಿ ಸಲವೂ ಆ ಕೆಲಸವನ್ನು ಅರ್ಧಕ್ಕೇ ನಿಲ್ಲಿಸುತ್ತಿದ್ದೆ. ಸಿಟ್ಟಿನಿಂದ ಹಾಗೆಯೇ ಬಿಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ಹಳೆಯ ಎಸ್‌ಎಸ್‌ಡಿಯಲ್ಲಿದ್ದ ನನ್ನ ಉಬುಂಟು ಆಪರೇಟಿಂಗ್ ಸಿಸ್ಟಂ, ಫೈಲುಗಳು ಮತ್ತು ಕನ್ನಡ ಬರೆಯುವ ಕಗಪ ಕೀಲಿಮಣೆಯ ಸಮೇತ, ತೆರೆದುಕೊಂಡಿತ್ತು.

ತಂಗಿಯದರಲ್ಲಿ ಈ ಯಾವ ಪುರಾಣವೂ ಇಲ್ಲ. ಪೆಟ್ಟಿಗೆ ತೆರೆದ ಸಂಜೆಯೇ ವಿಂಡೋಸ್‌ನಲ್ಲಿ ಟ್ಯಾಲಿ ಹಾಕಿಕೊಂಡು ಲೆಕ್ಕ ಬರೆಯಲು ಕೂತಳು. ಕೀಬೋರ್ಡ್, ಪರದೆ, ಬ್ಯಾಟರಿಯ ಬಾಳಿಕೆಗಳಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಪೋರ್ಟುಗಳನ್ನು ಎರಡರಲ್ಲಿಯೂ ಬದಲಿಸಬಹುದು.

ವಿಂಡೋಸ್ ಮುಟ್ಟದ ನಾನು ಅದರ ಪರವಾನಗಿಗೆ ಹಣ ತೆರಬೇಕಾಗಲಿಲ್ಲ, ಎಸ್‌ಎಸ್‌ಡಿ ಕೊಳ್ಳಲಿಲ್ಲ, ಮನೆಯಲ್ಲಿದ್ದ 65 ವ್ಯಾಟ್ ಟೈಪ್-ಸಿ ಚಾರ್ಜರನ್ನೇ ಬಳಸುತ್ತಿದ್ದೇನೆ. ಎಸ್‌ಪಿ ರಸ್ತೆಯ ಓಡಾಟವನ್ನು ಕಳೆದರೂ ಉಳಿತಾಯ ನನ್ನದೇ. ಸೋಮವಾರವೇ ಕೆಲಸಕ್ಕೆ ಬೇಕು, ಹಳೆಯ ಬಿಡಿಭಾಗ ಯಾವುದೂ ಇಲ್ಲ ಎನ್ನುವವರು ರೆಡಿಯದನ್ನೇ ಕೊಳ್ಳಲಿ, ಮುಂದೆ ಬಿಚ್ಚಲು ಅದರಲ್ಲಿಯೂ ಅಡ್ಡಿಯಿಲ್ಲ. ತಂಗಿಯ ಸ್ಕ್ರೂಡ್ರೈವರ್ ಮಾತ್ರ ಇನ್ನೂ ಪೆಟ್ಟಿಗೆಯಲ್ಲಿಯೇ ಇದೆ.